ಪ್ರಬಂಧಕ್ಕೆ ಎಷ್ಟು ಅಂಕ?

ಕಾಪು ತಾಲೂಕಿನ ನಂದಿಕೂರಿನಂಥ ಊರಿನಲ್ಲಿ ಅನೇಕ ಮಕ್ಕಳ ಮನೆಮಾತು ತುಳು. ಶಾಲೆಯ ಮಾತು ಕನ್ನಡ. ಇಂಗ್ಲಿಷು ಮೂರನೆಯದಾಗಿ, ಪುಸ್ತಕದ ಮೂಲಕ ಬರುವ ಭಾಷೆ. ಲೆಕ್ಕದ ಉತ್ತರ ಸರಿಯೇ ತಪ್ಪೇ ಎಂಬುದನ್ನು ಯಾರಾದರೂ ನೋಡಿ ಹೇಳಬಹುದು. ಆದರೆ ಮಳೆಗಾಲವನ್ನು ಕುರಿತು ಬರೆದ ಇಂಗ್ಲಿಷ್ ಪ್ರಬಂಧಕ್ಕೆ 10ರಲ್ಲಿ 5 ಸಲ್ಲಬೇಕೋ 3 ಸಾಕೋ ಎಂಬುದನ್ನು ನಿರ್ಣಯಿಸುವವನು ಮಗುವಿನ ಮುಖ ಕಾಣದ ಪರೀಕ್ಷಕ. ತೇರ್ಗಡೆಯ ಅಂಚಿನಲ್ಲಿ ನಿಂತವನಿಗೆ ಆ ಎರಡು ಅಂಕವೆಂದರೆ ಹಿಂದೆ ಒಂದು ವರ್ಷವೇ ಆಗಿತ್ತು.

ಈ ಏರ್ಪಾಡು ನಮ್ಮ ಜಿಲ್ಲೆಗೆ ಬಂದುದು ಮದರಾಸಿನಿಂದ. 1857ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಮೆಟ್ರಿಕ್ಯುಲೇಷನ್ ಪರೀಕ್ಷೆ ಕಾಲೇಜಿಗೂ, ಬಹುಮಟ್ಟಿಗೆ ಸರಕಾರಿ ನೌಕರಿಗೂ ಬಾಗಿಲಾಯಿತು. ಆ ಬಾಗಿಲಿನ ಅಗುಳಿ ಇಂಗ್ಲಿಷು. 1911ರ ಸುಮಾರಿಗೆ ಎಸ್.ಎಸ್.ಎಲ್.ಸಿ. ಬಂದಾಗ, ಉಪಾಧ್ಯಾಯರು ಶಾಲೆಯಲ್ಲಿ ಕೊಟ್ಟ ಅಂಕಗಳನ್ನೂ ಸರ್ಟಿಫಿಕೇಟ್ ಪುಸ್ತಕದಲ್ಲಿ ದಾಖಲಿಸುವ ಕ್ರಮವಾಯಿತು. ವರ್ಷವಿಡೀ ಕಂಡವನ ಮಾತಿಗೂ ಬೆಲೆಯಿರಲೆಂಬ ಈ ಯೋಚನೆ ಒಳ್ಳೆಯದೇ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಉತ್ತರಪತ್ರಿಕೆಗಳು ಹೋಗುವ ದಾರಿ ಬದಲಾಯಿತು. ಕೆಂಪು ಶಾಯಿಯ ಅಧಿಕಾರ ಹಾಗೆಯೇ ಉಳಿಯಿತು.

ಆ ಶಾಯಿಯನ್ನು ಎಷ್ಟು ನಂಬಬಹುದು? 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನೂರಾರು ಶಾಲೆಗಳಿಗೆ ಕಳುಹಿಸಿದರು. 142 ಮಂದಿ ಉಪಾಧ್ಯಾಯರು ಕೊಟ್ಟ ಅಂಕಗಳು 64ರಿಂದ 98ರವರೆಗೆ ಹರಡಿದ್ದುವು! ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗರು ರೋಡ್ಸ್ ಎಂಬವರೊಡನೆ 1935ರಲ್ಲಿ ಪ್ರಕಟಿಸಿದ ವಿಷಯ ಇನ್ನೂ ವಿಚಿತ್ರ. ಅಲ್ಲಿನದು ಇತಿಹಾಸದ ಉತ್ತರಗಳು, ನಿಜ. ಆದರೆ ಅವೂ ಪ್ರಬಂಧಗಳೇ. 15 ಉತ್ತರಪತ್ರಿಕೆಗಳನ್ನು ಅವೇ 14 ಮಂದಿ ಪರೀಕ್ಷಕರು ವರ್ಷ ಕಳೆದ ಮೇಲೆ ಮತ್ತೆ ನೋಡಿದರು. 210 ತೀರ್ಪುಗಳಲ್ಲಿ 92 ಬೇರೆಯಾದುವು. ತಾನು ಹಿಂದೆ ತೇರ್ಗಡೆ ಮಾಡಿದವನನ್ನು ಪರೀಕ್ಷಕ ತಾನೇ ಕೆಳಗಿಳಿಸಿದ್ದೂ ಉಂಟು.

ಇದಕ್ಕೆ ಮದ್ದೆಂದು ವಿಷಯಕ್ಕಿಷ್ಟು, ಜೋಡಣೆಗಿಷ್ಟು, ಭಾಷೆಗಿಷ್ಟು ಎಂದು ಅಂಕವನ್ನು ಹಂಚುವ ಪದ್ಧತಿ ಬಂತು. ಹಾಗಿದ್ದೂ ಕೈ ಓಡುವುದು ಕಾಗುಣಿತದ ತಪ್ಪಿನ ಕಡೆಗೇ. ಅಂಜುತ್ತ ಅಂಜುತ್ತ ನಾಲ್ಕು ಪುಟ್ಟ ವಾಕ್ಯ ಬರೆದವನಲ್ಲಿ ತಪ್ಪು ಕಡಮೆ. ಹೇಳಬೇಕೆಂಬ ಹುಮ್ಮಸ್ಸಿನಿಂದ ಉದ್ದನೆಯ ವಾಕ್ಯ ಕಟ್ಟಿದವನು ಎಡವುತ್ತಾನೆ, ಅಂಕ ಕಳೆದುಕೊಳ್ಳುತ್ತಾನೆ. (ಕವಿರಾಜಮಾರ್ಗವೂ ಮೊದಲ ಪರಿಚ್ಛೇದದಲ್ಲಿ ದೋಷವಿಚಾರವನ್ನೇ ಎತ್ತಿಕೊಂಡಿತು, ಆದರೆ ಅಲ್ಲಿಗೇ ನಿಲ್ಲದೆ ಅಲಂಕಾರಗಳವರೆಗೂ ನಡೆಯಿತು.)

1952-53ರ ಮುದಲಿಯಾರ್ ಆಯೋಗವು ವಸ್ತುನಿಷ್ಠ ಪ್ರಶ್ನೆಗಳನ್ನು ಸೇರಿಸಿ ಪರೀಕ್ಷಕನ ಮನೋಧರ್ಮಕ್ಕೆ ಎಡೆ ಕುಗ್ಗಿಸಬೇಕೆಂದು ಸೂಚಿಸಿತು. ಒಪ್ಪತಕ್ಕ ಮಾತೇ, ಆದರೆ ಬಿಟ್ಟ ಸ್ಥಳ ತುಂಬಿದ ಮಾತ್ರಕ್ಕೆ ಹುಡುಗ ಒಂದು ಪುಟ ಬರೆಯಬಲ್ಲನೆಂದು ತಿಳಿಯುವುದೆಂತು? ನನಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ಡೆವನ್ ಪ್ರಾಂತದ ಕ್ರಮ. 1949ರಲ್ಲಿ ವೈಸ್‌ಮನ್ ಅದನ್ನು ವಿವರಿಸಿದರು: ನಾಲ್ವರು ಬೇರೆ ಬೇರೆಯಾಗಿ ಪ್ರಬಂಧವನ್ನು ಬೇಗ ಓದಿ ಅಂಕ ಕೊಡುವುದು, ನಾಲ್ಕನ್ನೂ ಕೂಡಿಸುವುದು. ಒಬ್ಬನ ಬಿಗಿ, ಇನ್ನೊಬ್ಬನ ಔದಾರ್ಯ ಅಲ್ಲಿ ಸರಿದೂಗುತ್ತವೆ.

ಲಕ್ಷಗಟ್ಟಲೆ ಉತ್ತರಪತ್ರಿಕೆಗಳ ನಮ್ಮ ಎಸ್.ಎಸ್.ಎಲ್.ಸಿ.ಗೆ ನಾಲ್ವರನ್ನು ಹೊಂದಿಸುವುದು ಸುಲಭವಲ್ಲ. ಈಗ ವಿದ್ಯಾರ್ಥಿ ಶುಲ್ಕ ಕಟ್ಟಿ ತನ್ನ ಉತ್ತರಪತ್ರಿಕೆಯ ನಕಲು ತರಿಸಿಕೊಳ್ಳಬಹುದು, ಮರುಮೌಲ್ಯಮಾಪನ ಕೇಳಬಹುದು. ಎರಡನೆಯ ಓದುಗ ದೊರೆಯುವುದು ಹೀಗೆ ಕೇಳಬಲ್ಲವನಿಗೆ.