ಕರುವಿನ ಹೊಟ್ಟೆಗೆ ಹೆಪ್ಪು ಹಾಕೋರು ಯಾರು?

ಹಾಲು ಮೊಸರಾಗೋಕೆ ಹೆಪ್ಪು ಬೇಕು. ಕರುವಿನ ಹೊಟ್ಟೆಗೂ ಹಂಗೇ. ರಾಗಿ ಹುಲ್ಲಿನ ನಾರನ್ನ ಹಸು ತಾನಾಗೇ ಅರಗಿಸಲ್ಲ, ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಅರಗಿಸಿಕೊಡ್ತವೆ. ಅಲ್ಲಿನ ಒಂದು ಮಿಲಿಲೀಟರ್ ರಸದಲ್ಲೇ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾ ಇರ್ತವೆ. ಆಗ ತಾನೇ ಹುಟ್ಟಿದ ಕರುವಿಗೆ ಆ ಹೊಟ್ಟೆ ಚಿಕ್ಕದು. ಕುಡಿದ ಹಾಲು ಅದನ್ನ ದಾಟಿ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತೆ.

ಬ್ಯಾಕ್ಟೀರಿಯಾ ಬರೋದು ಕಷ್ಟವಿಲ್ಲ. ಹುಟ್ಟುವಾಗಲೇ ತಾಯಿಯ ಮೈಯಿಂದ, ಆಮೇಲೆ ಕೆಚ್ಚಲಿಂದ, ಹುಲ್ಲಿಂದ, ಕೊಟ್ಟಿಗೆ ನೆಲದಿಂದ ಸೇರ್ಕೊಂತವೆ. ಇನ್ನೊಂದು ಬಗೆ ಪ್ರೊಟೊಜೋವಾ. ಇವನ್ನ 1843ರಲ್ಲೇ ಗ್ರೂಬಿ ಮತ್ತು ಡೆಲಾಫಾಂಡ್ ಅನ್ನೋರು ಫ್ರಾನ್ಸ್‌ನಲ್ಲಿ ಸೂಕ್ಷ್ಮದರ್ಶಕದಡಿ ಕಂಡಿದ್ರು. ಇವು ಒಣಗಿದ್ರೆ ಸಾಯ್ತವೆ. ಹಾಗಾಗಿ ಮೆಲುಕು ಹಾಕೋ ದನದ ಜೊಲ್ಲಿನಿಂದಲೇ ದಾಟಬೇಕು. ತಾಯಿ ನೆಕ್ಕಬೇಕು, ಇಲ್ಲಾ ಒಂದೇ ಗೋದಲಿಯಲ್ಲಿ ಮೇಯಬೇಕು. ದೊಡ್ಡ ದನಗಳಿಂದ ಪೂರ್ತಿ ದೂರ ಬೆಳೆದ ಕರುವಿನಲ್ಲಿ ಪ್ರೊಟೊಜೋವಾ ಇರಲ್ಲ. ಕರು ಬದುಕುತ್ತೆ, ಆದ್ರೆ ನಾರು ಅರಗೋದು ಕಮ್ಮಿ.

ನಮ್ಮ ಕಡೆ ಹಳ್ಳಿಕಾರ್ ಹಸು ಇದ್ದಾಗ ಈ ಚಿಂತೆ ಇರಲಿಲ್ಲ. ಕರು ಬಿಡದಿದ್ರೆ ಹಸು ಸೊರ ಬಿಡ್ತಿರಲಿಲ್ಲ. ಕರು ತಾಯಿ ಹತ್ರ ಉಳೀತಿದ್ದದ್ದು ಬರೀ ಕನಿಕರಕ್ಕಲ್ಲ, ನಮಗೆ ಹಾಲು ಬೇಕಿತ್ತು.

1923ರಲ್ಲಿ ಬೆಂಗಳೂರಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಶುರುವಾಯ್ತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಹೈನುಗಾರಿಕೆ ಕಲಿತರು. 1960ರ ದಶಕದ ಕೊನೆಗೆ ಡೆನ್ಮಾರ್ಕ್ ನೆರವಿನಿಂದ ಹೆಸರಘಟ್ಟದಲ್ಲಿ ವೀರ್ಯ ಕೇಂದ್ರ ಬಂತು. 1974ರಿಂದ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಊರೂರಿಗೆ ಹಾಲಿನ ಸಂಘ ಆಯ್ತು. ಕೊಟ್ಟಿಗೆಗೆ ಸೀಮೆ ಹಸು ಬಂತು. ಅದು ಕರು ಇಲ್ಲದೇನೂ ಹಾಲು ಕೊಡುತ್ತೆ. ಹಾಲಿಗೆ ಕರು ಬೇಡವಾದ ದಿನದಿಂದ ಅದನ್ನ ಹುಟ್ಟಿದ ತಕ್ಷಣ ಬೇರೆ ಕಟ್ಟೋದೂ ಸಲೀಸಾಯ್ತು.

ಬೇರೆ ಕಟ್ಟೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ತಾಯಿಗೆ ರೋಗ ಇದ್ರೆ ಅದೂ ಕರುವಿಗೆ ದಾಟುತ್ತೆ, ಆಗ ದೂರ ಇಡಲೇಬೇಕು. ಆದ್ರೆ ಗಿಣ್ಣು ಮೊದಲು ಕರುವಿಗೆ ಹೋಗಲಿ, ಆಮೇಲೆ ನಮ್ಮ ಒಲೆಗೆ. ದನದ ಗರ್ಭದಲ್ಲಿ ರೋಗನಿರೋಧಕ ಶಕ್ತಿ ಕರುವಿಗೆ ದಾಟಲ್ಲ, ಗಿಣ್ಣಿನಿಂದಲೇ ಬರಬೇಕು. ಅದನ್ನ ಹೀರೋ ಶಕ್ತಿ ಕರುಳಿಗೆ ಒಂದು ದಿನದೊಳಗೆ ಮುಗಿದುಹೋಗುತ್ತೆ. ಆಮೇಲೆ ಕರು ಹುಲ್ಲು ಕಚ್ಚೋಕೆ ಶುರು ಮಾಡಿದಾಗ ಆರೋಗ್ಯವಾಗಿರೋ ಒಂದು ದೊಡ್ಡ ಹಸುವಿನ ಪಕ್ಕ, ಮೂತಿ ತಾಗೋ ಹಾಗೆ ಕಟ್ಟಿ. ಖರ್ಚೇನಿಲ್ಲ, ಗೂಟ ಬದಲಾಯಿಸಿದ್ರೆ ಆಯ್ತು.