ಬಾಯಿ ಮುಚ್ಚಿಸುವ ದಾವೆಗಳು

ಹೋದ ಯುಗಾದಿಯ ಊಟದ ಪಂಕ್ತಿಯಲ್ಲಿ ಹಿರಿಯ ಮಿತ್ರರೊಬ್ಬರು ನನ್ನನ್ನು ಕೇಳಿದರು: "ಅಲ್ಲ ಕಣ್ರೀ, ಕೆಲಸದ ಜಾಗದಲ್ಲಿ ನಡೆಯುವ ತಪ್ಪನ್ನು ಹೊರಗೆ ಹೇಳಿದರೆ ಕಂಪನಿಯವರು ನಮ್ಮ ಮೇಲೆಯೇ ಕೇಸು ಹಾಕಬಹುದಲ್ಲ, ಆಗೇನು ಗತಿ?" ನಾನು ರಸಾಯನಶಾಸ್ತ್ರದವನು, ವಕೀಲನಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೆಲವು ವರ್ಷಗಳ ಹಿಂದೆ ನಾನಿದ್ದ ಪ್ರಯೋಗಾಲಯದಲ್ಲಿ ವಿಷಾನಿಲ ಎಳೆಯುವ ಫ್ಯಾನು ಸರಿಯಿಲ್ಲವೆಂದು ಬರೆದುಕೊಟ್ಟಾಗ, "ಕರಾರಿನಲ್ಲಿ ಗೋಪ್ಯತೆಯ ಷರತ್ತಿದೆ, ನೆನಪಿರಲಿ" ಎಂಬ ಉತ್ತರ ಬಂದಿತ್ತು. ವರ್ಕ್ ಪರ್ಮಿಟ್ಟು ಆ ಕೆಲಸಕ್ಕೇ ಅಂಟಿಕೊಂಡಿತ್ತು. ನಾನು ಸುಮ್ಮನಾದೆ.

ಈ ವಿಷಯದಲ್ಲಿ ಸ್ವೀಡನ್ನಿನ ಚರಿತ್ರೆ ಆರಂಭವಾಗುವುದು ಒಬ್ಬ ವಿಜ್ಞಾನಿಯಿಂದಲೇ ಎಂಬುದು ಸ್ವಾರಸ್ಯದ ಸಂಗತಿ. ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್‌ಸ್ಕೋಲ್ 1759ರಲ್ಲಿ ಪೌರಸ್ವಾತಂತ್ರ್ಯವನ್ನು ಕುರಿತು ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. ಉಪ್ಸಾಲಾ ವಿಶ್ವವಿದ್ಯಾನಿಲಯದ ರೆಕ್ಟರ್ ಆಗಿದ್ದ ಗುರುವಿಗೇ ಶಿಷ್ಯನ ಪುಸ್ತಿಕೆಗಳನ್ನು ಹಿಂದಕ್ಕೆ ಕೂಡಿಹಾಕುವ ಕೆಲಸ ಬಿತ್ತು. 500 ಪ್ರತಿಗಳಲ್ಲಿ ಕೈಗೆ ಸಿಕ್ಕಿದ್ದು 79 ಮಾತ್ರವಂತೆ! ಫೋರ್ಸ್‌ಸ್ಕೋಲ್ 1763ರಲ್ಲಿ ದೂರದ ಯೆಮನ್ನಿನಲ್ಲಿ ತೀರಿಕೊಂಡ. ಮೂರು ವರ್ಷಗಳ ತರುವಾಯ, 1766ರ ಡಿಸೆಂಬರ್ 2ರಂದು, ಪಾದ್ರಿ ಆಂಡರ್ಸ್ ಕಿಡೇನಿಯಸ್ ಮೊದಲಾದವರ ಪ್ರಯತ್ನದಿಂದ ಪ್ರಪಂಚದ ಮೊಟ್ಟಮೊದಲ ಪತ್ರಿಕಾ ಸ್ವಾತಂತ್ರ್ಯದ ಕಾನೂನು ಇಲ್ಲಿ ಜಾರಿಗೆ ಬಂತು.

ಆ ಬೇರಿನಿಂದ ಬೆಳೆದ ಇಂದಿನ ಸಂವಿಧಾನದಲ್ಲಿ, ಕೆಲವು ರಹಸ್ಯಗಳ ಹೊರತು, ಸರ್ಕಾರಿ ನೌಕರ ಪತ್ರಿಕೆಗೆ ಸುದ್ದಿ ಕೊಡಬಹುದು. ಕೊಟ್ಟವರಾರೆಂದು ಮೇಲಧಿಕಾರಿ ಪತ್ತೆ ಮಾಡಹೊರಟರೆ ಅದೇ ಅಪರಾಧ. ಆದರೆ ಈ ರಕ್ಷಣೆ ಖಾಸಗಿ ಕಂಪನಿಯವರಿಗೆ ಇರಲಿಲ್ಲ. 1997ರಲ್ಲಿ ಸೋಲ್ನಾದ ಪೊಲ್ಹೆಮ್ಸ್‌ಗೋರ್ಡನ್ ಎಂಬ, ಖಾಸಗಿಯವರು ನಡೆಸುತ್ತಿದ್ದ ವೃದ್ಧಾಶ್ರಮದಲ್ಲಿ ವೃದ್ಧರ ದುರವಸ್ಥೆಯನ್ನು ಸಾರಾ ವೇಗ್ನೆರ್ಟ್ ಎಂಬ ಸಹಾಯಕ ದಾದಿ ದೂರದರ್ಶನದಲ್ಲಿ ಬಯಲಿಗಿಟ್ಟರು. 1999ರ ಜನವರಿ 1ರಿಂದ ಇಂಥ ಸಂಗತಿ ಕಂಡರೆ ವರದಿ ಮಾಡುವುದು ವೃದ್ಧರ ಆರೈಕೆಯ ಸಿಬ್ಬಂದಿಯ ಕರ್ತವ್ಯವೆಂದೇ ಕಾನೂನಾಯಿತು. ಜನ ಅದನ್ನು 'ಲೆಕ್ಸ್ ಸಾರಾ' ಎಂದೇ ಕರೆದರು. ಸರ್ಕಾರದ ಹಣದಲ್ಲಿ ನಡೆಯುವ ಖಾಸಗಿ ಶಾಲೆ, ಆಸ್ಪತ್ರೆ, ಆರೈಕೆ ಕೇಂದ್ರಗಳ ನೌಕರರಿಗೆ ಸುದ್ದಿ ಕೊಡುವ ರಕ್ಷಣೆ ಸಿಕ್ಕಿದ್ದು 2017ರಲ್ಲಿ.

ಇನ್ನು ದಾವೆಯ ಮಾತು. "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ನಮ್ಮಲ್ಲಿದೆ. ಬಾಯಿ ಮುಚ್ಚಿಸುವ ದಾವೆಯ ಗುಟ್ಟೇ ಅದು. ಗೆಲ್ಲುವುದು ಅದರ ಗುರಿಯಲ್ಲ. ವಕೀಲರ ಫೀಜಿನಿಂದಲೇ ಎದುರಾಳಿ ಸೊರಗಬೇಕು. ಡೆನ್ವರ್ ವಿಶ್ವವಿದ್ಯಾನಿಲಯದ ಪ್ರಿಂಗ್ ಮತ್ತು ಕೆನನ್ ಎಂಬ ಪ್ರಾಧ್ಯಾಪಕರು 1980ರ ದಶಕದಲ್ಲಿ ಇದಕ್ಕೆ 'ಸ್ಲ್ಯಾಪ್' ಎಂದು ಹೆಸರಿಟ್ಟರು. ಆ ಪದಕ್ಕೆ ಕಪಾಳಕ್ಕೆ ಏಟು ಎಂಬ ಅರ್ಥವೂ ಇದೆ. ಕ್ಯಾಲಿಫೋರ್ನಿಯಾದ 1992ರ ಕಾನೂನಿನಂತೆ ಪ್ರತಿವಾದಿ ಆರಂಭದಲ್ಲೇ ಅರ್ಜಿ ಹಾಕಬಹುದು. ದಾವೆ ತನ್ನ ಸಾರ್ವಜನಿಕ ಮಾತಿಗಾಗಿಯೇ ಬಂದದ್ದೆಂದು ಅವನು ತೋರಿಸಿದರೆ, ಗೆಲ್ಲುವ ಸಂಭವವಿದೆಯೆಂದು ವಾದಿ ತೋರಿಸಬೇಕು. ಆಗದಿದ್ದರೆ ದಾವೆ ವಜಾ. ಪ್ರತಿವಾದಿಯ ವಕೀಲರ ಖರ್ಚೂ ವಾದಿಯ ತಲೆಗೆ.

ಮಾಲ್ಟಾದ ಪತ್ರಕರ್ತೆ ದಾಫ್ನೆ ಕರುವಾನಾ ಗಲಿಝಿಯಾ 2017ರಲ್ಲಿ ಕೊಲೆಯಾದಾಗ ಆಕೆಯ ಮೇಲೆ ನಲವತ್ತಕ್ಕೂ ಹೆಚ್ಚು ಮಾನನಷ್ಟದ ಕೇಸುಗಳಿದ್ದವು. ಯೂರೋಪು ಎಚ್ಚೆತ್ತಿತು. ಎರಡು ದೇಶಗಳಿಗೆ ಸಂಬಂಧಿಸಿದ ಇಂಥ ಬುಡವಿಲ್ಲದ ದಾವೆಗಳನ್ನು ಬೇಗನೆ ವಜಾ ಮಾಡಬೇಕೆಂಬ ನಿರ್ದೇಶನ 2024ರಲ್ಲಿ ಬಂತು. ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಮೇ 7. ನೌಕರರಿಗೆ ಇದಕ್ಕಿಂತ ಮುಖ್ಯವಾದದ್ದು 2019ರ ನಿರ್ದೇಶನ: ಸಕಾರಣವಾಗಿ ದೂರು ಕೊಟ್ಟವನ ಮೇಲೆ ಮಾನನಷ್ಟ ಅಥವಾ ಗೋಪ್ಯತಾಭಂಗದ ದಾವೆ ಬಂದರೆ, ಆ ದೂರನ್ನೇ ಆಧಾರವಾಗಿಟ್ಟು ವಜಾ ಕೇಳುವ ಹಕ್ಕು ಅವನಿಗುಂಟು. ಇದನ್ನನುಸರಿಸಿದ ಸ್ವೀಡಿಷ್ ಕಾನೂನು 2021ರ ಡಿಸೆಂಬರ್ 17ರಂದು ಜಾರಿಗೆ ಬಂತು. 50 ಮತ್ತು ಹೆಚ್ಚು ನೌಕರರಿರುವ ಕಡೆ ದೂರಿನ ವ್ಯವಸ್ಥೆ ಇರಲೇಬೇಕು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಆದರೆ ವಿಷಯ ಸಾರ್ವಜನಿಕ ಹಿತದ್ದಾಗಿರಬೇಕು. ಸ್ವಂತ ಸಂಬಳದ ಜಗಳ ಸಾಮಾನ್ಯವಾಗಿ ಇದರೊಳಗೆ ಸೇರದು. ನೇರವಾಗಿ ಬೀದಿಗೆ ಬರುವ ಮೊದಲು ಆ ವ್ಯವಸ್ಥೆಯ ಬಾಗಿಲು ತಟ್ಟುವುದು ಕ್ಷೇಮ.

"ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ" ಎನ್ನುತ್ತಾರೆ. ಒದೆ ಇನ್ನೂ ಬೀಳಬಹುದು. ಆದರೆ ತಡೆಯಲು ಕೈಗೊಂದು ಗುರಾಣಿ ಬಂದಿದೆ. ಮಿತ್ರರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಕಂಡದ್ದನ್ನು ತಾರೀಖು ಸಹಿತ ಬರೆದಿಡಿ, ಯೂನಿಯನ್ನಿನವರನ್ನು ಕೇಳಿ, ಆಮೇಲೆ ಹೇಳಿ. ನಾನು ಅಂದು ಇದೊಂದನ್ನೂ ಮಾಡಲಿಲ್ಲ.