ಒಂದು ತಂತಿ ಉಳಿಸಿದ ಕಥೆ: ನ್ಯೂಟ್ರಲ್‌ಗೆ ಯಾಕಿಷ್ಟು ರೂಲ್ಸು?

📌 1/6
ಮೊನ್ನೆ ಲ್ಯಾಬಲ್ಲಿ ಗೆಳೆಯನೊಬ್ಬ ಕೇಳಿದ: "ನ್ಯೂಟ್ರಲ್ ಅಂದ್ರೆ ಕರೆಂಟ್ ಇಲ್ದಿರೋ ವೈರ್ ತಾನೇ, ಮುಟ್ಟಿದ್ರೆ ಏನಾಗುತ್ತೆ?" ನಿಮ್ಮಲ್ಲೂ ಎಷ್ಟೋ ಜನ ಹಾಗೇ ಅಂದ್ಕೊಂಡಿರ್ತೀರಿ. ಉತ್ತರ ಬೇಕಂದ್ರೆ 1882ರ ನ್ಯೂಯಾರ್ಕ್‌ಗೆ ಹೋಗ್ಬೇಕು. ಬನ್ನಿ.

📌 2/6
1882ರ ಸೆಪ್ಟೆಂಬರ್ 4ರಂದು ಎಡಿಸನ್‌ನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾಯಿತು. ಸುಮಾರು 110 ವೋಲ್ಟ್ ಡಿಸಿ, ಎರಡು ತಂತಿ. ತೊಂದರೆ ಏನಪ್ಪಾ ಅಂದ್ರೆ, ಅಷ್ಟು ಕಡಿಮೆ ವೋಲ್ಟೇಜಿಗೆ ದಪ್ಪ ತಾಮ್ರ ಬೇಕು. ತಾಮ್ರದ ಖರ್ಚೇ ಜಾಸ್ತಿ!

ಉಪಾಯ ಹೀಗಿತ್ತು: ಎರಡು ಡೈನಮೋಗಳನ್ನು ಸೀರೀಸ್‌ನಲ್ಲಿ ಜೋಡಿಸು, ಮಧ್ಯದಿಂದ ಮೂರನೇ ತಂತಿ ಎಳೆ. ಹೊರಗಿನ ಎರಡು ತಂತಿಗಳ ನಡುವೆ 220 ವೋಲ್ಟ್, ಮಧ್ಯದ ತಂತಿಗೂ ಯಾವುದೇ ಒಂದಕ್ಕೂ 110. ಇಂಗ್ಲೆಂಡಿನಲ್ಲಿ ಜಾನ್ ಹಾಪ್‌ಕಿನ್ಸನ್ ಕೂಡ 1882ರಲ್ಲೇ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡಿದ್ದರು. ಎಡಿಸನ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1883ರ ಮಾರ್ಚ್‌ನಲ್ಲಿ. ಅದೇ ವರ್ಷ ಜುಲೈ 4ರಂದು ಪೆನ್ಸಿಲ್ವೇನಿಯಾದ ಸನ್‌ಬರಿ ಊರಿನ ಹೋಟೆಲೊಂದರಲ್ಲಿ ಈ ಮೂರು ತಂತಿಯ ದೀಪ ಉರಿಯಿತು.

📌 3/6
ಇವತ್ತಿಗೂ ಅಮೆರಿಕದ ಮನೆಗಳಿಗೆ ಬರೋದು ಅದರ ಎಸಿ ರೂಪವೇ: 120-0-120. ಹಾಗಾಗಿ ಅಲ್ಲಿ ಎರಡು ಸರ್ಕ್ಯೂಟ್‌ಗೆ ನಾಲ್ಕು ತಂತಿ ಬದಲು ಮೂರೇ ಎಳೆದು, ನ್ಯೂಟ್ರಲ್ ಹಂಚಿಕೊಳ್ಳೋ ರೂಢಿ ಇದೆ.

ಒಂದು ಲೈನಲ್ಲಿ 10 ಆಂಪ್, ಇನ್ನೊಂದರಲ್ಲಿ 7 ಇದ್ರೆ ನ್ಯೂಟ್ರಲ್‌ನಲ್ಲಿ ಬರೀ 3. ಎರಡೂ ಸಮ ಇದ್ರೆ ಸೊನ್ನೆ. ಆದರೆ ಪ್ಯಾನೆಲ್‌ನಲ್ಲಿ ಎರಡನ್ನೂ ತಪ್ಪಾಗಿ ಒಂದೇ ಲೈನಿಗೆ ಹಾಕಿದ್ರೆ? ಕಳೆಯೋದರ ಬದಲು ಕೂಡುತ್ತೆ: 17 ಆಂಪ್! ಲೋಡ್ ಇನ್ನೂ ಹೆಚ್ಚಾದ್ರೆ ನ್ಯೂಟ್ರಲ್ ಬಿಸಿಯಾಗುತ್ತೆ. ಅದರ ಮೇಲೆ ಬ್ರೇಕರ್ ಇಲ್ಲ, ಹಾಗಾಗಿ ಏನೂ ಟ್ರಿಪ್ ಆಗಲ್ಲ.

📌 4/6
ಇನ್ನೂ ದೊಡ್ಡ ಅಪಾಯ ನ್ಯೂಟ್ರಲ್ ಕಟ್ ಆದಾಗ. ಒಂದು ಕಡೆ 1200 ವ್ಯಾಟ್ ಹೀಟರ್ (12 ಓಮ್), ಇನ್ನೊಂದು ಕಡೆ 60 ವ್ಯಾಟ್ ಬಲ್ಬ್ (240 ಓಮ್) ಅಂದ್ಕೊಳ್ಳಿ. ಮಧ್ಯದ ತಂತಿ ಹೋಯ್ತು ಅಂದ್ರೆ ಎರಡೂ 240 ವೋಲ್ಟ್‌ಗೆ ಸೀರೀಸ್. ಲೆಕ್ಕ ಹಾಕಿ ನೋಡಿ: ಹೀಟರಿಗೆ ಸುಮಾರು 11 ವೋಲ್ಟ್, ಪಾಪದ ಬಲ್ಬಿಗೆ ಸುಮಾರು 229! ಬಲ್ಬ್ ಜಾಗದಲ್ಲಿ ಟಿವಿ ಇದ್ದಿದ್ರೆ?

ಬಿಚ್ಚಿದ ನ್ಯೂಟ್ರಲ್ ತುದಿ ಹಿಡಿದ ಎಲೆಕ್ಟ್ರಿಷಿಯನ್ ಕಥೆ ಇನ್ನೂ ಕೆಟ್ಟದು. ತನ್ನ ಸರ್ಕ್ಯೂಟಿನ ಬ್ರೇಕರ್ ಆಫ್ ಮಾಡಿರ್ತಾನೆ, ಆದರೆ ಪಕ್ಕದ ಸರ್ಕ್ಯೂಟಿನ ಕರೆಂಟ್ ಅದೇ ತಂತಿಯಲ್ಲಿ ವಾಪಸ್ ಹೋಗ್ತಿರುತ್ತೆ. ತಂತಿ ಬಿಚ್ಚಿದ ಕೂಡಲೇ ಆ ದಾರಿ ಅವನ ಮೈ ಆಗಬಹುದು.

📌 5/6
ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮೊದಲು ಬಂದಿದ್ದು 1897ರಲ್ಲಿ. ಮೇಲಿನ ಅಪಾಯಗಳಿಗೆ ಅದರಲ್ಲಿರೋ ಉತ್ತರ ನೋಡಿ:

🔹 300.13(ಬಿ): ಹಂಚಿಕೊಂಡ ನ್ಯೂಟ್ರಲ್ ಸಾಕೆಟ್‌ನ ಸ್ಕ್ರೂಗಳ ಮೂಲಕ ಮುಂದೆ ಹೋಗಬಾರದು. ತಂತಿಗಳನ್ನು ಒಟ್ಟಿಗೆ ಜೋಡಿಸಿ, ಒಂದು ಸಣ್ಣ ತುಂಡನ್ನು (ಪಿಗ್‌ಟೇಲ್) ಮಾತ್ರ ಸಾಕೆಟ್‌ಗೆ ಕೊಡಬೇಕು. ಆಗ ಸಾಕೆಟ್ ಬಿಚ್ಚಿದ್ರೂ ಮುಂದಿನವರ ನ್ಯೂಟ್ರಲ್ ಕಟ್ ಆಗಲ್ಲ.

🔹 210.4(ಬಿ): ಇಂಥ ಸರ್ಕ್ಯೂಟಿನ ಎಲ್ಲ ಲೈನ್‌ಗಳೂ ಒಂದೇ ಸಲ ಆಫ್ ಆಗಬೇಕು. ಮೊದಲು ಒಂದೇ ಸಾಕೆಟ್‌ಗೆ ಎರಡೂ ಲೈನ್ ಬಂದ ಕಡೆಗಷ್ಟೇ ಇದ್ದ ಈ ಮಾತನ್ನು 2008ರ ಆವೃತ್ತಿ ಎಲ್ಲ ಹಂಚಿಕೊಂಡ ಸರ್ಕ್ಯೂಟ್‌ಗಳಿಗೂ ವಿಸ್ತರಿಸಿತು.

🔹 ಅದೇ 2008ರಲ್ಲಿ: ಯಾವ ಲೈನಿಗೆ ಯಾವ ನ್ಯೂಟ್ರಲ್ ಅಂತ ಗೊತ್ತಾಗೋ ಹಾಗೆ ಪ್ಯಾನೆಲ್ ಒಳಗೆ ಒಟ್ಟಿಗೆ ಕಟ್ಟಬೇಕು.

📌 6/6
"ನಮಗ್ಯಾಕೆ ಅಮೆರಿಕದ ಕಥೆ?" ಅಂತೀರಾ? ನಮ್ಮ ಬೀದಿ ಕಂಬದ ಮೇಲೂ ಮೂರು ಫೇಸ್‌ಗೆ ಒಂದೇ ನ್ಯೂಟ್ರಲ್. ಗಾಳಿ ಮಳೆಗೆ ಅದು ಕಿತ್ತುಹೋದ್ರೆ ಕೆಲವು ಮನೆಗೆ ವೋಲ್ಟೇಜ್ ಇಳಿದು, ಕೆಲವು ಮನೆಗೆ 230ರ ಬದಲು 400ರ ಹತ್ತಿರ ಬರಬಹುದು. "ಏರಿಯಾದಲ್ಲೆಲ್ಲಾ ಟಿವಿ, ಫ್ರಿಜ್ ಸುಟ್ಟೋಯ್ತಂತೆ" ಅನ್ನೋ ಸುದ್ದಿ ಕೇಳಿರ್ತೀರಲ್ಲ, ಅದಕ್ಕೆ ಇದೂ ಒಂದು ಕಾರಣ. ನ್ಯೂಟ್ರಲ್‌ಗೆ ಮಾತ್ರ ಪ್ರತ್ಯೇಕ ಫ್ಯೂಸ್ ಅಥವಾ ಸ್ವಿಚ್ ಹಾಕಬಾರದು ಅಂತ ನಮ್ಮ 1956ರ ವಿದ್ಯುತ್ ನಿಯಮಗಳೂ ಹೇಳಿದ್ದು ಇದೇ ಭಯಕ್ಕೆ.

ತಾಮ್ರ ಉಳಿಸೋಕೆ ಬಂದ ಉಪಾಯ ಒಳ್ಳೇದೇ. ಆದರೆ ಹಂಚಿಕೊಂಡ ತಂತಿ ಅಂದ್ರೆ ಹಂಚಿಕೊಂಡ ಜವಾಬ್ದಾರಿ. ನಾಳೆ ಬೋರ್ಡ್ ಬಿಚ್ಚೋರು ನಾವೇ. ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು, ನ್ಯೂಟ್ರಲನ್ನೂ ಚೆಕ್ ಮಾಡಿ. ಆಮೇಲೆ ಕೈ ಹಾಕಿ.

ಸೇವ್ ಮಾಡ್ಕೊಳ್ಳಿ, ವೈರಿಂಗ್ ಕೆಲಸಕ್ಕೆ ಹೋಗೋ ಗೆಳೆಯರಿಗೆ ಕಳಿಸಿ. 🙏

#ಕರೆಂಟ್‌ಕಥೆ #ನ್ಯೂಟ್ರಲ್ #ಕನ್ನಡದಲ್ಲಿಕಲಿ